ಮೊದಲು ಬಗ್ಗುವವರು ಯಾರು?

ಆಗ ನನಗೆ ಇಪ್ಪತ್ತೆಂಟು ವರ್ಷ. ಐವತ್ತು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ನನಗೆ ಭಕ್ತಿಯೂ ಹೆಚ್ಚು, ಬಾಯಿಯೂ ಹೆಚ್ಚು. ಈಗ ಎರಡನೆಯದು ಮಾತ್ರ ಉಳಿದಿದೆ. ಕುಂಬಳೆಯ ಹತ್ತಿರ ನಮ್ಮದು ಏಳೆಂಟು ಮನೆಗಳ ಮೆನ್ನೊನೈಟ್ ಕ್ರೈಸ್ತರ ಸಭೆ. ಆಣೆ ಹಾಕಬಾರದು, ಯಾರ ಮೇಲೂ ಕೈ ಎತ್ತಬಾರದು, ರಾಜನೇ ಕರೆದರೂ ಯುದ್ಧಕ್ಕೆ ಹೋಗಬಾರದು ಎಂಬುದು ನಮ್ಮ ಮತ. ಒಳ್ಳೆಯದೇ. ನನ್ನನ್ನು ಯಾವ ರಾಜನೂ ಕರೆದಿರಲಿಲ್ಲ. ಪಕ್ಕದ ಮನೆಯ ರಾಹೇಲಕ್ಕನ ಜೊತೆ ಹೇಗೆ ಬಾಳಬೇಕು ಎಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಬೇಸಗೆಯಲ್ಲಿ ನಮ್ಮ ಬಾವಿಗೆ ಉಪ್ಪುನೀರು ಬರುತ್ತಿತ್ತು. ಅವರ ಬಾವಿಯದು ಎಳನೀರಿನಂಥ ನೀರು. ಕುಡಿಯಲು ಅಲ್ಲಿಂದಲೇ ತರುತ್ತಿದ್ದೆ. ಆ ವರ್ಷ ನನ್ನ ಆಡು ಅವರ ಬಸಳೆ ಚಪ್ಪರವನ್ನು ಬುಡಸಮೇತ ತಿಂದಿತು. ಆಡಿಗೆ ಯಾರೂ ದೀಕ್ಷಾಸ್ನಾನ ಕೊಟ್ಟಿರಲಿಲ್ಲ, ಅದಕ್ಕೇನು ತಿಳಿಯುತ್ತದೆ? ರಾಹೇಲಕ್ಕ ಬೇಲಿ ದಾಟುವ ತಡಮೆಗೆ ಮುಳ್ಳು ಕಟ್ಟಿ, "ಇನ್ನು ಈ ಬಾವಿಯ ನೀರು ನಿನಗಿಲ್ಲ. ನಿನ್ನ ಆಡಿನ ಹತ್ರ ಕೇಳು, ಕೊಡ್ತದಾ ನೋಡುವ" ಎಂದರು. "ಬಸಳೆಗೆ ಹುಳ ಹಿಡಿದಿತ್ತು. ನನ್ನ ಆಡು ಚೊಕ್ಕ ಮಾಡಿ ಕೊಟ್ಟದ್ದು" ಎಂದೆ ನಾನು. ಅಲ್ಲಿಗೆ ಮಾತು ನಿಂತಿತು. ಹಾಸಿಗೆ ಹಿಡಿದ ಅತ್ತೆಗೂ ಮಕ್ಕಳಿಗೂ ರೈಲುಹಳಿಯ ಆಚೆಯಿಂದ ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯಿತು.

ನಮ್ಮಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕೆ ಕೂರುವ ಮೊದಲು ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುವ ಕ್ರಮ ಉಂಟು. ಪರದೆಯ ಈಚೆ ಹೆಂಗಸರು, ಆಚೆ ಗಂಡಸರು. ಮುನಿಸಿಕೊಂಡವರನ್ನೇ ಹುಡುಕಿ ಜೋಡಿ ಮಾಡುವುದರಲ್ಲಿ ಸಭೆ ನಡೆಸುವ ನಮ್ಮ ಉಪದೇಶಿಗಳಿಗೆ ವಿಶೇಷ ಆಸಕ್ತಿ. ಹಿಂದಿನ ವಾರ ಅವರ ಹೆಂಡತಿ ಹೆಂಗಸರಿಗೆ ಬೈಬಲ್ ಓದಿಸುವ ವೇದಪಾಠದಲ್ಲಿ ಈ ಕಾಲು ತೊಳೆಯುವ ಸಂಗತಿಯನ್ನೇ ಕಲಿಸಿದ್ದರು. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ವಾಕ್ಯದ ಬಾಲ ಸಿಗುವಾಗ ತಲೆ ಮರೆತಿರುತ್ತಿತ್ತು. ಆ ದಿನದ ಪಾಠ ಮಾತ್ರ ನೇರ ಒಳಗೆ ಹೋಯಿತು: ಬಗ್ಗಿ ಕಾಲು ತೊಳೆದವರೇ ದೊಡ್ಡವರು. ಅಂದರೆ ಬಗ್ಗಿದವಳು ಗೆದ್ದಳು, ಕೂತವಳು ಸೋತಳು. ರಾಹೇಲಕ್ಕನೂ ಅದೇ ಪಾಠ ಕೇಳಿದ್ದರು ಎಂಬುದೇ ತೊಂದರೆ.

ಆದಿತ್ಯವಾರ ಉಪದೇಶಿಗಳು ನಮ್ಮಿಬ್ಬರನ್ನೇ ಜೋಡಿ ಮಾಡಿದರು. ಇಬ್ಬರೂ ಒಟ್ಟಿಗೆ ಕಾಲು ತೊಳೆಯುವ ಬೋಗುಣಿಗೆ ಕೈ ಹಾಕಿದೆವು.

"ನೀವು ಕೂತ್ಕೊಳ್ಳಿ ರಾಹೇಲಕ್ಕ, ನಾನು ತೊಳೀತೇನೆ."

"ನೀನು ಕೂತ್ಕೊ. ನಾನು ತೊಳೀತೇನೆ."

"ಸಣ್ಣವರು ಬಗ್ಗುದಲ್ವಾ ಕ್ರಮ?"

"ನಿನ್ನ ಕ್ರಮ ನನಗೆ ಗೊತ್ತುಂಟು. ಬೋಗುಣಿ ಬಿಡು ಮಾರಾಯ್ತಿ!"

ದೀನತೆಗಾಗಿ ನಾವು ಎಳೆದಾಡಿದ ರಭಸಕ್ಕೆ ಬೋಗುಣಿ ಹಾರಿ ಪರದೆಗೆ ಬಡಿಯಿತು. ಪರದೆ ಕಳಚಿ ಬಿತ್ತು. ಆಚೆ ಒಂದು ಕಾಲನ್ನು ನೀರಿನಲ್ಲಿಟ್ಟಿದ್ದ ಗಂಡಸರೆಲ್ಲ ಕೊಕ್ಕರೆಗಳಂತೆ ನಮ್ಮನ್ನೇ ನೋಡಿದರು. ಉಪದೇಶಿಗಳೂ ಒಂದು ಕೊಕ್ಕರೆ. "ನಿಮಗಿಬ್ಬರಿಗೂ ಇವತ್ತು ಭೋಜನ ಇಲ್ಲ. ಜಗಲಿಯಲ್ಲಿ ಕೂತು ರಾಜಿಯಾಗಿ" ಎಂದರು.

ಕೂತೆವು. ಒಳಗೆ ಕ್ಷಮೆಯ ಹಾಡು, ಹೊರಗೆ ಸೆಖೆ. ಬಹಳ ಹೊತ್ತಿನ ಮೇಲೆ ರಾಹೇಲಕ್ಕ ಗೋಡೆಗೆ ಹೇಳುವಂತೆ ಹೇಳಿದರು: "ಉಪದೇಶಿಗಳ ಕಾಲಿನ ಉಗುರು ನೋಡಿದ್ಯಾ?"

"ಗಿಡುಗನ ಹಾಗೆ ಉಂಟು."

"ತೊಳೆದವನ ಕೈ ಉಳಿದದ್ದೇ ಹೆಚ್ಚು."

ಸೆರಗು ಬಾಯಿಗೆ ತುರುಕಿಕೊಂಡು ಇಬ್ಬರೂ ನಕ್ಕೆವು. ಆಮೇಲೆ ಅವರು, "ಅತ್ತೆ ಹೇಗಿದ್ದಾರೆ?" ಎಂದರು.

"ಎಂತ ಹೇಳುದು? ತಂದ ನೀರು ಬಾಯಿಗೆ ಬಿಟ್ರೆ ಉಗುಳ್ತಾರೆ. ರಾಹೇಲಳ ಬಾವಿದೇ ಬೇಕಂತೆ."

ರಾಹೇಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಮುಳ್ಳು ತೆಗೀತೇನೆ. ಆಡು ಕಟ್ಟಿ ಹಾಕು."

"ಆಯ್ತು."

ವೇದಪಾಠ ಮಾಡದ ಕೆಲಸವನ್ನು ಉಪದೇಶಿಗಳ ಉಗುರು ಮಾಡಿತು. ಕ್ಷಮಿಸು ಎಂಬ ಮಾತು ರಾಹೇಲಕ್ಕನ ಬಾಯಿಂದ ಬರಲಿಲ್ಲ. ನನ್ನ ಬಾಯಿಂದಂತೂ ಇವತ್ತಿಗೂ ಬಂದಿಲ್ಲ. ಮರುದಿನ ಬೆಳಿಗ್ಗೆ, ಅವರ ಮನಸ್ಸು ತಿರುಗುವ ಮೊದಲೇ, ಮನೆಯಲ್ಲಿದ್ದ ಕೊಡಪಾನ, ಹಂಡೆ, ಹಾಲಿನ ಗಿಂಡಿಯನ್ನೂ ಬಿಡದೆ ಹೊತ್ತುಕೊಂಡು ಹೋಗಿ ಬಾವಿಯ ತಳ ಕಾಣುವವರೆಗೆ ಸೇದಿದೆ. ರಾಹೇಲಕ್ಕ ಎದ್ದು ಬರುವಾಗ ಮುಖ ತೊಳೆಯಲು ಒಂದು ಚೊಂಬು ನೀರು ಅವರಿಗೆಂದು ಕಟ್ಟೆಯ ಮೇಲೆ ಇಟ್ಟಿದ್ದೆ. ಎಷ್ಟೆಂದರೂ ನಾನು ವಿಶ್ವಾಸಿ.