ಕಾಶಿ ಬಸ್ಸಿಗೆ ಶೇಂಗಾ ಎಣ್ಣೆಯ ಹೊಳಪು

ಬಣ್ಣದ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾದವನು ಇನ್ನೇನು ನಂಬಬೇಕು? ಊರಿನಲ್ಲಿ ಯಾರು ಬಾಗಿಲಿಗೆ ಬಣ್ಣ ಬಳಿಸಿದರೂ ಎದುರಿಗೆ ಹೋಗಿ ನಿಂತು, "ಹಸಿರು ಸ್ವಲ್ಪ ಜಾಸ್ತಿ ಆತು" ಎಂದು ತೀರ್ಪು ಕೊಟ್ಟು ಬರುತ್ತಿದ್ದೆ. ಯಾರೂ ಕೇಳಿರುತ್ತಿರಲಿಲ್ಲ. ಕೇಳದವರಿಗೂ ಹೇಳುವುದೇ ಅಲ್ಲವೇ ವಿದ್ಯಾವಂತರ ಲಕ್ಷಣ!

ಇಂಥ ನನಗೆ ಹರಪನಹಳ್ಳಿಯ ಕೊಟ್ರಪ್ಪ ಷಡ್ಡಕ. ನನ್ನ ಹೆಂಡತಿ ಶಾಂತಾಳ ಅಕ್ಕ ಹಾಲಮ್ಮನ ಗಂಡ. ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕ. ಅವನು ಒಮ್ಮೆ ಮುಂಬಯಿಗೆ ಹೋದಾಗ, ಯಾರೋ ಸಿರಿವಂತರು ಮಲಗಲು ಮಂಚ, ಅಡುಗೆಗೆ ಒಲೆ ಎಲ್ಲ ಇರುವ ದೊಡ್ಡ ಗಾಡಿಯಲ್ಲಿ ದೇಶ ತಿರುಗುವುದನ್ನು ನೋಡಿ ಬಂದ. ಬಂದವನೇ ಹಳೆಯ ಬಸ್ಸೊಂದನ್ನು ಕೊಂಡು, ಸೀಟು ಕಿತ್ತೆಸೆದು, ಮಂಚ ಹಾಕಿಸಿ, ಒಲೆಕಟ್ಟೆ ಮಾಡಿಸಿ, ನೀರಿನ ಟ್ಯಾಂಕು ಕೂರಿಸಿ, ಆಳೆತ್ತರದ ಕನ್ನಡಿ ನಿಲ್ಲಿಸಿ, ಕಿಟಕಿಗಳಿಗೆ ಹೂವಿನ ಪರದೆ ಇಳಿಬಿಟ್ಟ. ದೀಪಾವಳಿ ಮುಗಿದ ಕೂಡಲೇ ಮನೆಮಂದಿಯನ್ನೆಲ್ಲ ಅದರಲ್ಲಿ ಕಾಶಿಗೆ ಕರೆದೊಯ್ಯುತ್ತಾನಂತೆ! ಹೊರಡುವ ಮುಹೂರ್ತವನ್ನೂ ಕೇಳಿಸಿ ಗಟ್ಟಿ ಮಾಡಿದ್ದ.

"ಮನಿ ತುಂಬ ಮಂಚ ಅದಾವು. ಬಸ್ಸಿನ್ಯಾಗ ಯಾಕ ಮಲಗಬೇಕು? ರೊಕ್ಕದ ಸೊಕ್ಕು!" ಎಂದು ನಾನು ಮೂಗು ಮುರಿದೆ.

"ನಮ್ಮನ್ನ ಕರದಿಲ್ಲ, ಅದಕ ಹೊಟ್ಟಿಕಿಚ್ಚು ನಿಮಗ" ಎಂದಳು ಶಾಂತಾ. ಆಮೇಲೆ ದನಿ ಇಳಿಸಿ, "ನಮ್ಮವ್ವ, ಅಕ್ಕ ಎಲ್ಲಾರೂ ಗಂಗಾಸ್ನಾನ ಮಾಡಿ ಬರ್ತಾರ. ನಾನು ಇಲ್ಲಿ ನಳದ ಮುಂದ ಕೊಡ ಹಿಡಕೊಂಡು ಪಾಳಿ ನಿಂದರ್ತೀನಿ" ಎಂದಳು.

ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಸಪೇಟೆಯಿಂದಾಚೆಗೆ ಕಾಲಿಡದ ಹೆಂಗಸು ಹಾಗೆ ಮೆಲ್ಲಗೆ ಅಂದದ್ದು ನನಗೆ ಚುಚ್ಚಿತು. ಅವಳನ್ನು ಕಾಶಿಗೆ ಕಳಿಸಿಯೇ ತೀರುವುದೆಂದು ನಿರ್ಧರಿಸಿ ಮಾರನೆಯ ಬೆಳಿಗ್ಗೆಯೇ ಹರಪನಹಳ್ಳಿಯ ಬಸ್ಸು ಹತ್ತಿದೆ.

ನಾನು ಹೋದಾಗ ಕೊಟ್ರಪ್ಪ ಮಿಲ್ಲಿನ ಅಂಗಳದಲ್ಲಿ ಬಸ್ಸಿನ ಸುತ್ತ ತಿರುಗುತ್ತಿದ್ದ. ಒಳಗೆ ಅರಮನೆ, ಹೊರಗೆ ಮಾತ್ರ ತುಕ್ಕು. ಲಾರಿ ಪೇಂಟರಿಗೆ ಹೇಳಿ ಕಳಿಸಬೇಕು ಎಂದ.

"ಲಾರಿ ಪೇಂಟರ್?" ನಾನು ನಕ್ಕ ರೀತಿಗೆ ಮಿಲ್ಲಿನ ಆಳುಗಳು ಕೆಲಸ ನಿಲ್ಲಿಸಿ ನೋಡಿದರು. "ಕೊಟ್ರಪ್ಪಣ್ಣ, ಅವ ಹಿಂದ ಹದ್ದು ಬರೀತಾನ, ಮುಂದ ಗುಲಾಬಿ ಬರೀತಾನ. ಇದೇನು ಮೂಟಿ ಹೇರೋ ಲಾರಿ ಏನ್ರಿ? ಇದು ಮನಿ! ಇದಕ್ಕ ಕಲಾವಿದ ಬೇಕು."

"ಎಲ್ಲಿ ಅದಾನ ಅವ?"

ನಾನು ಎದೆಯ ಮೇಲೆ ಕೈಯಿಟ್ಟುಕೊಂಡೆ.

ಕೊಟ್ರಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮುಖ ನೋಡ್ಕೊಂಡು ಗಡ್ಡ ತಗಿಯಂಗ ಮಿಂಚಬೇಕು ಮತ್ತ, ಮೇಷ್ಟ್ರೇ."

"ಗಡ್ಡ ಏನ್ರಿ, ಹುಬ್ಬಿನ ಕೂದಲಾ ಎಣಿಸ್ರಿ!"

"ಹಂಗಾದ್ರ ನೀವೂ ಶಾಂತಾನೂ ಬರ್ರಿ ಕಾಶಿಗೆ. ಮಂಚ ಕೊಟ್ಟೀನಿ."

ಈ ಸುದ್ದಿ ಕೇಳಿದ ಶಾಂತಾ ಅಂದೇ ಚಕ್ಕುಲಿಗೆ ಹಿಟ್ಟು ಕಲಸಿದಳು. ಓಣಿಯ ಹೆಂಗಸರಿಗೆಲ್ಲ ಗಂಗಾಜಲ ತಂದುಕೊಡುವ ಮಾತನ್ನೂ ಕೊಟ್ಟಳು.

ಶಾಲೆಗೆ ರಜೆ ಬಿದ್ದ ಕೂಡಲೇ ಗಂಡಹೆಂಡತಿ ಹರಪನಹಳ್ಳಿಯಲ್ಲಿ ಠಿಕಾಣಿ ಹೂಡಿದೆವು. ನಾನು ಲುಂಗಿ ಎತ್ತಿಕಟ್ಟಿ ಕಲಾಸೇವೆಗೆ ನಿಂತೆ. ಮೊದಲು ಹಳೆಯ ಬಣ್ಣವನ್ನು ಕೆರೆದು ತೆಗೆಯಬೇಕು ಎಂಬುದು ನನಗೂ ಗೊತ್ತಿತ್ತು. ಒಂದು ಮೂಲೆಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜಿದೆ. ರಟ್ಟೆ ನೋವು ಬಂತು. ಹಳೆಯದರ ಮೇಲೆ ಹೊಸದು ಬರುವುದೇ ಪ್ರಕೃತಿಯ ನಿಯಮವೆಂದು ಅಲ್ಲಿಗೇ ಬಿಟ್ಟೆ! ಕೆಳಗೆ ಆಕಾಶನೀಲಿ, ಮೇಲೆ ಕೆನೆಬಣ್ಣ, ಬಾಗಿಲ ಪಕ್ಕದಲ್ಲಿ ಗರಿಗೆದರಿದ ನವಿಲು. ಇದು ನನ್ನ ಯೋಜನೆ.

ನವಿಲು ಮುಗಿದಾಗ ನಮ್ಮತ್ತೆ ಬಂದು ಬಹಳ ಹೊತ್ತು ನೋಡಿದರು.

"ಅಳಿಯಂದ್ರ, ದೇವರಿಗೆ ಹೊಂಟ ಗಾಡಿ ಇದು. ಇದರ ಮ್ಯಾಲೆ ಕೋಳಿ ಯಾಕ ಬರದ್ರಿ?"

"ಅದು ನವಿಲು, ಅತ್ತಿ."

"ನವಿಲಾ? ಪಾಪ, ಏನ್ ಜಡ್ಡು ಬಂದೈತಿ ಅದಕ್ಕ?"

ಕಲೆಯ ಗಂಧವಿಲ್ಲದವರ ಮಾತಿಗೆ ಕಲಾವಿದರು ಕಿವಿಗೊಡಬಾರದು. ನನ್ನನ್ನು ಕಾಡಿದ್ದು ಬೇರೆ ಚಿಂತೆ. ಬಣ್ಣದಲ್ಲಿ ಹೊಳಪಿರಲಿಲ್ಲ. ಗಡ್ಡ ತೆಗೆಯುವುದಿರಲಿ, ಮುಂದೆ ನಿಂತದ್ದು ಮನುಷ್ಯನೋ ಎಮ್ಮೆಯೋ ಎಂದೂ ತಿಳಿಯುತ್ತಿರಲಿಲ್ಲ. ಆಗ ನನ್ನ ಶಿಕ್ಷಣ ನನ್ನ ಕೈ ಹಿಡಿಯಿತು. ದೊಡ್ಡ ಚಿತ್ರಕಾರರು ಬಣ್ಣಕ್ಕೆ ಎಣ್ಣೆ ಬೆರೆಸುತ್ತಿದ್ದರೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಯಾವ ಎಣ್ಣೆ ಎಂದು ಹೇಳುವ ಹೊತ್ತಿಗೆ ನನಗೆ ತೂಕಡಿಕೆ ಬಂದಿರಬೇಕು. ಆದರೇನು? ಎಣ್ಣೆ ಅಂದರೆ ಎಣ್ಣೆ! ನಾನು ನಿಂತಿದ್ದದ್ದೇ ಎಣ್ಣೆ ಮಿಲ್ಲಿನ ಅಂಗಳದಲ್ಲಿ. ಒಂದು ಡಬ್ಬಿ ಅಪ್ಪಟ ಶೇಂಗಾ ಎಣ್ಣೆ ತಂದು ಎಲ್ಲ ಬಣ್ಣಗಳಿಗೂ ಸುರಿದು, ಕಲಕಿ, ನವಿಲನ್ನೂ ಬಿಡದೆ ಇಡೀ ಬಸ್ಸಿಗೆ ಇನ್ನೊಂದು ಸಲ ಬಳಿದೆ.

ಆಹಾ! ಆ ಹೊಳಪು! ಬಸ್ಸು ಅಭ್ಯಂಜನ ಮಾಡಿಸಿಕೊಂಡ ಮದುಮಗನಂತೆ ಮಿಂಚಿತು. ಕೊಟ್ರಪ್ಪ ಹತ್ತಿರ ಬಂದು ತನ್ನ ಮೀಸೆ ನೋಡಿಕೊಂಡು ತಿರುವಿದ. ಶಾಂತಾ ತನ್ನ ಅಕ್ಕನ ಮುಂದೆ, "ನಮ್ಮನಿಯವ್ರು ಮಾಡಿದ್ದು!" ಎಂದಳು. ಮದುವೆಯಾದಾಗಿನಿಂದ ಆ ಮಾತನ್ನು ಅಷ್ಟು ಹೆಮ್ಮೆಯಿಂದ ಅವಳು ಹೇಳಿದ್ದು ಅದೊಂದೇ ಸಲ.

ಮಾರನೆಯ ದಿನ ಬಣ್ಣ ಒಣಗಲಿಲ್ಲ. ಅದರ ಮಾರನೆಯ ದಿನವೂ ಒಣಗಲಿಲ್ಲ. ಹಬ್ಬ ಬಂತು, ಹೋಯಿತು. ಬಸ್ಸು ಹಾಗೇ ಹಸಿಹಸಿ!

"ಮೇಷ್ಟ್ರೇ, ಯಾವಾಗ ಒಣಗತೈತಿ ಇದು?" ಎಂದು ಕೇಳುತ್ತಾ ಕೊಟ್ರಪ್ಪ ಸಹಜವಾಗಿ ಬಸ್ಸಿಗೆ ಒರಗಿದ.

"ಒರಗಬ್ಯಾಡ್ರಿ!" ಎಂದೆ. ಅಷ್ಟರಲ್ಲಿ ಒರಗಿಯಾಗಿತ್ತು. ಬಿಳಿಯ ಟೆರಿಲಿನ್ ಶರ್ಟಿನ ಬೆನ್ನಿಗೆ ನನ್ನ ನವಿಲು ಹತ್ತಿಕೊಂಡಿತು. ನಿಜ ಹೇಳಬೇಕೆಂದರೆ ಅದು ಬಸ್ಸಿನ ಮೇಲಿದ್ದದ್ದಕ್ಕಿಂತ ಶರ್ಟಿನ ಮೇಲೆಯೇ ನವಿಲಿನಂತೆ ಕಾಣುತ್ತಿತ್ತು.

ಕಾಶಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದಾಗ ಅಂಗಳದಲ್ಲಿ ಗಡಗಡ ಸದ್ದು ಕೇಳಿತು. ಹಬ್ಬಕ್ಕೆಂದು ನಿಲ್ಲಿಸಿದ್ದ ಶೇಂಗಾ ಒಡೆಯುವ ಯಂತ್ರವನ್ನು ಆಳುಗಳು ಶುರು ಮಾಡಿದ್ದರು. ಅದು ಕಾಳನ್ನು ಈ ಕಡೆ ಬೀಳಿಸಿ, ಹೊಟ್ಟನ್ನು ಆ ಕಡೆ ಊದುತ್ತದೆ. ಆ ಕಡೆ ಬಸ್ಸಿತ್ತು!

ಕಪ್ಪು ಬಿಸಾಕಿ ಓಡಿದೆ. ಎಲ್ಲ ಮುಗಿದಿತ್ತು. ಹೊಟ್ಟು, ಧೂಳು, ನಾರು ಎಲ್ಲವೂ ನನ್ನ ಕಲೆಯನ್ನು ಅಪ್ಪಿಕೊಂಡಿದ್ದವು. ಬಸ್ಸಿಗೆ ಮೈತುಂಬ ಕೂದಲು ಬಂದಿತ್ತು. ಕರಡಿಗೆ ಕಿಟಕಿ ಇಟ್ಟು ಪರದೆ ಹಾಕಿದಂತೆ ನಿಂತಿತ್ತು!

ಇಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ವಿದ್ಯಾವಂತನಿಗೆ ಒಂದು ಕೇಡು ಮಾಡಿದ ಮೇಲೆ ಅದನ್ನು ಸರಿಪಡಿಸುವ ಚಟ ಇರುತ್ತದೆ. ಪೊರಕೆ ಹಿಡಿದು ಗುಡಿಸಿದೆ. ಹೊಟ್ಟು ಬರಲಿಲ್ಲ, ಪೊರಕೆಯ ಕಡ್ಡಿಗಳು ಅಲ್ಲೇ ಉಳಿದವು. ಕೊನೆಗೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿದೆ. ಆಗ ಬಣ್ಣ ತಾನಿದ್ದ ಜಾಗ ಬಿಟ್ಟು ಹೊರಟಿತು. ಕೆನೆಬಣ್ಣ ನೀಲಿಗೆ ಇಳಿಯಿತು. ನವಿಲಿನ ಕಣ್ಣು ಕಾಲಿನ ಹತ್ತಿರ ಬಂತು. ಹಳೆಯ ಬಸ್ಸಿನ ತುಕ್ಕು ನಡುನಡುವೆ ಇಣುಕಿ, ನಾನಿನ್ನೂ ಇದ್ದೇನೆ ಎಂದಿತು.

ಹಾಲಮ್ಮ ಬಾಯಿಗೆ ಸೆರಗು ಹಿಡಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಶಾಂತಾ ಮಾತ್ರ ಒಳಗೆ ಹೋಗಿ ತನ್ನ ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು. ಅದನ್ನು ನೋಡಿ ನನಗೆ ಆ ಯಂತ್ರದೊಳಗೆ ತಲೆ ಕೊಡೋಣವೆನಿಸಿತು.

"ಅಣ್ಣಾ, ಮುಹೂರ್ತ ಮುಂದಕ್ಕ ಹಾಕ್ರಿ. ಎಲ್ಲಾ ಕೆರೆದು ಹೊಸದಾಗಿ ಹಚ್ಚಿಬಿಡ್ತೀನಿ" ಎಂದು ಬೇಡಿಕೊಂಡೆ. ಕೊಟ್ರಪ್ಪನ ಕಾಲಿಗೆ ಬೀಳುವುದೊಂದು ಬಾಕಿ.

ಕೊಟ್ರಪ್ಪ ತಣ್ಣಗೆ ಹೇಳಿದ: "ಮುಹೂರ್ತ ಇದ್ದಂಗ ಇರತೈತಿ. ಬಸ್ಸು ಹಿಂಗ ಹೋಗತೈತಿ. ಶಾಂತಾನೂ ಬರ್ತಾಳ, ಆಕಿದೇನು ತಪ್ಪೈತಿ? ನೀವು ಮಾತ್ರ ಬ್ಯಾಡ್ರಿ, ಮೇಷ್ಟ್ರೇ. ಕಾಶಿಗೆ ಬಂದ್ರ ಹೊಳಪು ಬರಲಿ ಅಂತ ಗಂಗಿ ನೀರಿಗೂ ಏನರ ಕಲಸಿಬಿಡ್ತೀರಿ!"

ಆಳುಗಳು ಮುಖ ತಿರುಗಿಸಿಕೊಂಡು ನಕ್ಕರು. ಶಾಂತಾ ಸೀರೆಗಳನ್ನು ಮತ್ತೆ ಟ್ರಂಕಿಗೆ ತುಂಬಿದಳು. ಬಲು ಬೇಗ ತುಂಬಿದಳು. ಗಂಡನಿಲ್ಲದೆ ಹೇಗೆ ಹೋಗಲಿ ಎಂದು ಒಂದು ಮಾತಾದರೂ ಅಂದಾಳೆಂದು ಕಾದೆ. ಅನ್ನಲಿಲ್ಲ!

ಮರುದಿನ ಬಸ್ಸು ಹೊರಟಿತು. ಬಸ್‌ಸ್ಟ್ಯಾಂಡಿನ ಹತ್ತಿರ ತೆಂಗಿನಕಾಯಿ ಒಡೆಯಲು ನಿಲ್ಲಿಸಿದಾಗ ಜನ ಮುತ್ತಿದರು. ಕೆಲವರು ಮುಟ್ಟಿ ನೋಡಿ, ಕೈಗೆ ಬಣ್ಣ ಅಂಟಿಸಿಕೊಂಡು ಬೈದರು. ಬೀಳ್ಕೊಡಲು ಬಂದ ನಾನು ಬಸ್ಸಿಗೂ ನನಗೂ ಸಂಬಂಧವಿಲ್ಲವೆಂಬಂತೆ ಗುಂಪಿನಲ್ಲಿ ನಿಂತಿದ್ದೆ. ಹಿಂದೊಮ್ಮೆ ತನ್ನ ಬಾಗಿಲ ಬಣ್ಣಕ್ಕೆ ನನ್ನ ತೀರ್ಪು ಕೇಳಿಸಿಕೊಂಡಿದ್ದ ಅಲ್ಲಿನ ಎಲೆಅಡಿಕೆ ಅಂಗಡಿಯವನು ನನ್ನ ಗುರುತು ಹಿಡಿದುಬಿಟ್ಟ.

"ಬರ್ರಿ ಮೇಷ್ಟ್ರೇ! ಬಣ್ಣದ ವಿಚಾರ ಬಲ್ಲವ್ರು ನೀವು. ಇದನ್ನ ಯಾವನು ಬಳದಿರಬೌದು, ಹೇಳ್ರಿ ನೋಡೋಣು?"

ಎಲ್ಲರೂ ನನ್ನ ಕಡೆ ತಿರುಗಿದರು. ತಜ್ಞನಾದವನು ಸುಮ್ಮನಿರಲಾದೀತೇ? "ಯಾವನೋ ಹೆಡ್ಡ ಇರಬೇಕು" ಎಂದು ಗಂಭೀರವಾಗಿ ನುಡಿದೆ. "ಕುಂಚ ಹಿಡಿಯಾಕ ಬರಲ್ಲ, ಬುದ್ಧಿ ಅಂತೂ ಮೊದಲ ಇಲ್ಲ. ಇಂಥವ್ರನ್ನ ಊರಾಗ ಇಟ್ಕೋಬಾರ್ದು."

ಹೂವಿನ ಪರದೆ ಸರಿಯಿತು. ಕಿಟಕಿಯಲ್ಲಿ ಶಾಂತಾಳ ಮುಖ ಕಾಣಿಸಿತು.

"ಖರೆ ಹೇಳಿದ್ರಿ ಮೇಷ್ಟ್ರೇ!" ಎಂದಳು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ. "ಆ ಹೆಡ್ಡಗ ದಿನಾ ರೊಟ್ಟಿ ಬಡದು ಹಾಕಾಕಿ ನಾನ. ನಾ ತಿರುಗಿ ಬರೋತನ ತಾನ ಬಡಕೊಂಡು ತಿನ್ನು ಅಂತ ಹೇಳಿಬಿಡ್ರಿ ಅವಗ!"

ಬಸ್ಸು ಹೊರಟುಹೋಯಿತು. ನಾನು ಅಂಗಡಿಯವನಿಗೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದೆ.