ಬೆಕ್ಕಿನ ಕಥೆಯೂ ನಾದಿನಿಯ ಸೀರೆಯೂ

ಎಪ್ಪತ್ತರ ದಶಕದಲ್ಲಿ ನಾನು ಇಳಕಲ್ಲಿನ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಜಗತ್ತಿನಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂಬುದನ್ನು ಕಥೆಯಿಂದಲೇ ಮಕ್ಕಳಿಗೆ ಕಲಿಸಬಹುದೆಂದು ನನಗೆ ಗಟ್ಟಿ ನಂಬಿಕೆ. ಹೆಡ್‌ಮಾಸ್ತರರು ಬೇಡವೆನ್ನಲಿಲ್ಲ. ನಾನು ಅವರನ್ನು ಕೇಳಿರಲೂ ಇಲ್ಲ.

ಮಕ್ಕಳಲ್ಲಿ ಹೆಚ್ಚಿನವರು ನೇಕಾರರ ಮನೆಯವರಾದ್ದರಿಂದ ಕಥೆಯನ್ನೂ ಅಲ್ಲಿಯದೇ ಕಟ್ಟಿದೆ. ಜನ ಓಣಿಯ ಬೆಕ್ಕುಗಳನ್ನು ಓಡಿಸಿದರು. ಇಲಿಗಳು ಹೆಚ್ಚಿದವು. ಗಂಜಿ ಹಚ್ಚಿದ ನೂಲಿನ ರುಚಿ ಕಂಡು ಅದನ್ನು ಕಡಿದವು. ಮಗ್ಗ ನಿಂತಿತು, ಸೀರೆಯಿಲ್ಲದೆ ಮದುವೆಯೂ ನಿಂತಿತು.

"ಹಂಗಾರ ಮದವಿ ಯಾಕ ನಿಂತಿತು?"

"ಬೆಕ್ಕು ಇಲ್ಲದ್ದಕ್ಕರಿ ಸರ!"

ನನ್ನ ಎದೆ ಉಬ್ಬಿತು. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಗಂಗವ್ವನಿಗೂ ಹೇಳಿದೆ.

"ಕಥಿ ಇರ್ಲಿ. ನನ್ನ ತಂಗಿ ಮದವಿ ಸೀರಿ ಎಲ್ಲೀಮಟ ಬಂತು?"

ಆ ಸೀರೆಯನ್ನು ನೇಯಲು ಎದುರುಮನೆಯ ನೇಕಾರ ಮಲ್ಲಪ್ಪನಿಗೆ ಹೇಳಿದವನು ನಾನೇ. ಅವನ ಮಗಳು ಶಾಂತವ್ವ ನನ್ನ ಶಿಷ್ಯೆ. "ನಾಳೆ ಮುಂಜಾನಿ ನೂಲಿಗೆ ಗಂಜಿ ಹಚ್ತಾನಂತ. ಚಿಂತಿ ಬಿಡು," ಎಂದೆ.

ಬೆಳಿಗ್ಗೆ ಗದ್ದಲ ಕೇಳಿ ಹೊರಬಂದೆ. ಓಣಿಯುದ್ದಕ್ಕೂ ನೂಲು ಬಿಗಿದು ಮಲ್ಲಪ್ಪ ಗಂಜಿ ಹಚ್ಚುತ್ತಿದ್ದ. ಸರ ಅವರ ಮನೆಯ ಮದುವೆ ನಿಲ್ಲಬಾರದೆಂದು ನನ್ನ ಶಿಷ್ಯರು ಸಿಕ್ಕಸಿಕ್ಕ ಬೆಕ್ಕುಗಳನ್ನು ಚೀಲದಲ್ಲಿ ತಂದು ಅಲ್ಲಿ ಬಿಡುತ್ತಿದ್ದರು. ಬೆಕ್ಕುಗಳ ಬೆನ್ನಟ್ಟಿ ನಾಯಿಗಳು ಬಂದವು. ಕಥೆಯಲ್ಲಿ ನಾಯಿ ಸೇರಿಸುವುದನ್ನು ನಾನು ಮರೆತಿದ್ದೆ!

ಬೆಕ್ಕುಗಳು ನೂಲಿನ ಕೆಳಗೆ ನುಸುಳಿದವು. ನಾಯಿಗಳು ನಡುವೆಯೇ ನುಗ್ಗಿದವು. ಹರಿದು ಗಂಟಾದ ಎಳೆಗಳನ್ನು ಹಿಡಿದು ಮಲ್ಲಪ್ಪ ತಣ್ಣಗೆ ಹೇಳಿದ: "ಮಾಸ್ತರ್ರ, ಇದನ್ನ ಬಿಡಿಸೋದ್ರಾಗ ಮೊಮ್ಮಕ್ಕಳ ಮದವಿ ಬರ್ತೈತ್ರಿ."

"ಯಾರಿಂದ ಆತಲೇ ಇದು?" ಎಂದು ನಾನು ಮಕ್ಕಳ ಮೇಲೆ ಹರಿಹಾಯ್ದೆ.

ಶಾಂತವ್ವ ಕೈಕಟ್ಟಿ ನಿಂತು ಒಪ್ಪಿಸಿದಳು: "ನೂಲು ಹರದದ್ದು ನಾಯಿಯಿಂದರಿ. ನಾಯಿ ಬಂದದ್ದು ಬೆಕ್ಕಿನಿಂದರಿ. ಬೆಕ್ಕು ಬಂದದ್ದು ಕಥಿಯಿಂದರಿ. ಕಥಿ ಹೇಳಿದವ್ರು ನೀವರಿ."

ಬಾಗಿಲಲ್ಲಿ ನಿಂತಿದ್ದ ಗಂಗವ್ವ ಮುಂದುವರಿಸಿದಳು: "ಇನ್ನೊಂದು ಉಳೀತವಾ. ಇವ್ರಿಗೆ ನನ್ನ ಕೊಟ್ಟಾವ ನಮ್ಮಪ್ಪ."

ಮಲ್ಲಪ್ಪನಿಗೆ ಹೊಸ ನೂಲು ತಂದುಕೊಟ್ಟೆ. ಆದರೆ ಮದುವೆಯೊಳಗೆ ಸೀರೆ ಮುಗಿಯಲಿಲ್ಲ. ಗಂಗವ್ವ ಟ್ರಂಕಿನಲ್ಲಿ ಜೋಪಾನ ಮಾಡಿದ್ದ ತನ್ನ ಮದುವೆಯ ಸೀರೆಯನ್ನೇ ತಂಗಿಗೆ ಉಡಿಸಿದಳು. ಆಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ನಮ್ಮ ಮದುವೆಗೂ ಬಂದಿದ್ದ ಬೀಗರೊಬ್ಬರು, "ಇದು ಅಕ್ಕನ ಸೀರಿ ಅಲ್ಲೇನ್ರಿ?" ಎಂದರು.

"ಹೌದ್ರಿ," ಎಂದಳು ಗಂಗವ್ವ. "ಸೀರಿ ಅದೇ ಐತಿ, ಗಂಡನಾದ್ರೂ ಬ್ಯಾರೆ ಸಿಕ್ಕಾನ. ಪುಣ್ಯಾ ಮಾಡ್ಯಾಳ."

ಮಂದಿಯೆಲ್ಲ ನಕ್ಕರು. ನಾನೂ ನಕ್ಕೆ. ಉತ್ತರ ಸರಿಯಿದ್ದಾಗ ತಪ್ಪು ಹಾಕಲು ಮಾಸ್ತರನಿಗೆ ಬರುವುದಿಲ್ಲ.