ಕೊರೊನಮ್ಮನ ಮೊರ

ಹೊನ್ನೂರಸ್ವಾಮಿಗೆ ಹೆಂಡತಿ ಇರಲಿಲ್ಲ. ಅದಕ್ಕೇ ಊರವರು ಅವನನ್ನು ಆರಿಸಿದರು.

ಕೊರೊನಾ ಎರಡನೇ ಅಲೆಯ ಮೇ ತಿಂಗಳು. ಸಿರುಗುಪ್ಪದಿಂದಲೂ ಕುರುಗೋಡಿನಿಂದಲೂ ದಿನಾ ಸಾವಿನ ಸುದ್ದಿ. ನಡುವಿನ ಹಳ್ಳಿಗಳು ರಸ್ತೆಗೆ ಜಾಲಿಮುಳ್ಳು ಬಡಿದು ಕೂತಿದ್ದವು. ಹಿಂದೆ ಕಾಲರಾ ಬಂದಾಗ ಮಾಡಿದಂತೆ ರೋಗದಮ್ಮನನ್ನು ಮೊರದಲ್ಲಿಟ್ಟು ಪಕ್ಕದೂರಿನ ಗಡಿ ದಾಟಿಸಬೇಕೆಂದು ಊರಗೌಡ ಕೊಟ್ಟೂರಪ್ಪ ತೀರ್ಮಾನಿಸಿದ. ಪಕ್ಕದೂರಿನ ಗತಿ ಏನೆಂದು ಯಾರೂ ಕೇಳಲಿಲ್ಲ.

“ನಾನ್ಯಾಕ್ರಿ ಗೌಡ್ರ?”

“ನಿನಗ ಹಿಂದಿಲ್ಲ ಮುಂದಿಲ್ಲ. ಅಮ್ಮ ಸಿಟ್ಟಾದ್ರೂ ಅಳಾಕ ಯಾರದಾರ?”

“ಸೋಮವಾರ ನನ್ನ ಲಗ್ನ ಐತ್ರಿ! ಅದೂ ಆ ಊರಾಗ, ಎರ್ರಣ್ಣನ ಮಗಳು ಅನಿತಾನ ಜೋಡಿ!”

“ಚಲೋ ಆತು. ದಾರಿ ಹೇಳೋದು ತಪ್ಪಿತು.”

ದೂರದ ಗಂಡುಗಳಿಗೆ ರಸ್ತೆ ಮುಚ್ಚಿದ್ದರಿಂದಲೇ ಎರ್ರಣ್ಣ ಇವನನ್ನು ಒಪ್ಪಿದ್ದ. ಲಾಕ್‌ಡೌನ್ ತೆರವಾದರೆ ಮಾತು ತೆರವಾಗುವುದು ಖಂಡಿತ.

ಗುಡಿಯ ಮುಂದೆ ಊರಿಗೆ ಊರೇ ಸೇರಿತು, ಸಂತೆ ದಿನದ ಬಸ್ಸಿನ ಹಾಗೆ ಒಬ್ಬರ ಬೆವರು ಇನ್ನೊಬ್ಬರಿಗೆ ಅಂಟುವಂತೆ. ಪಾರಮ್ಮನ ಮೈಮೇಲೆ ಅಮ್ಮ ಬರುವುದು ವಾಡಿಕೆ. ಅವತ್ತು ತಮಟೆ ಶುರುವಾಗುವ ಮೊದಲೇ ಗಡಗಡ ನಡುಗುತ್ತಿದ್ದಳು. ಹಣೆ ಹಂಚಿನಂತೆ ಕಾದಿತ್ತು. “ಈ ಸಲ ಅಮ್ಮ ಜೋರು ಬಂದಾಳ” ಎಂದು ಜನ ಸಾಲುಗಟ್ಟಿ ಅವಳ ಕೈಯಿಂದ ಹಣೆಗೆ ಅರಿಸಿನದ ಭಂಡಾರ ಹಚ್ಚಿಸಿಕೊಂಡರು. ಕೆಮ್ಮಿದಾಗ, “ತಡೀರಿ, ಏನೋ ಹೇಳಾಕತ್ಯಾಳ” ಎಂದು ಕೊಟ್ಟೂರಪ್ಪ ಅವಳ ಬಾಯಿಗೇ ಕಿವಿ ಹಚ್ಚಿದ.

ಅಮ್ಮನನ್ನು ಹೊರುವವನನ್ನು ಯಾರೂ ಮುಟ್ಟಬಾರದು. ಹೊನ್ನೂರಸ್ವಾಮಿ ಒಬ್ಬನೇ ದೂರ ನಿಂತಿದ್ದ.

ಮೊರದಲ್ಲಿ ಬೇವಿನ ಕಟ್ಟಿಗೆಯ ಗೊಂಬೆ, ಹಸಿರು ಖಣ, ಬಳೆ, ಅರಿಸಿನ, ಕುಂಕುಮ, ತೆಂಗಿನಕಾಯಿ. ಗೊಂಬೆಯ ಬಾಯಿಗೆ ಯಾರೋ ಮಾಸ್ಕ್ ಕಟ್ಟಿದ್ದರು. ಇಡೀ ಊರಲ್ಲಿ ಮಾಸ್ಕ್ ಹಾಕಿದ್ದವಳು ಅವಳೊಬ್ಬಳೇ.

ಕಾಲುವೆ ದಾಟಿದರೆ ಆಚೆ ಊರಿನ ಗಡಿ. ಮುಳ್ಳಿನ ಹಿಂದೆ ದೊಣ್ಣೆ ಹಿಡಿದು ಕಾವಲಿಗಿದ್ದವನು ಎರ್ರಣ್ಣನೇ.

“ಯಾವನಲೇ ಅದು? ಓ, ಅಳಿಯ! ತಲಿ ಮ್ಯಾಲ ಏನಪ?”

ಹೊನ್ನೂರಸ್ವಾಮಿ ಮೊರ ಇಳಿಸಿ ನಿಂತ. ಎರ್ರಣ್ಣ ದೊಣ್ಣೆಯ ತುದಿಯಿಂದ ಮೊರದ ಮುಸುಕು ಸರಿಸಿದ. ಖಣ ಕಂಡಿತು, ಬಳೆ ಕಂಡವು.

“ಹೆಣ್ಣಿಗೆ ಉಡಿ ಸಾಮಾನು! ಲಾಕ್‌ಡೌನ್ ಐತಂತ ನಾನು ಬೇಡಿರಲಿಲ್ಲ ನೋಡು. ನೀನು ಮಾನಸ್ಥ ಬಿಡು!”

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. “ಹೂಂ ಮಾವ” ಎಂದುಬಿಟ್ಟ.

ಎರ್ರಣ್ಣ ತಾನೇ ಮುಳ್ಳು ಸರಿಸಿ, ಮೊರವನ್ನು ಮೆರವಣಿಗೆಯಂತೆ ಮನೆಗೆ ಒಯ್ದ. ಓಣಿಯ ಹೆಂಗಸರು ಮುತ್ತಿದರು. ಅನಿತಾ ನಾಚುತ್ತಾ ಖಣ ಎತ್ತಿದಳು.

“ಅಪ್ಪಾ, ಇದ್ಯಾರು ಮಾಸ್ಕ್ ಹಾಕ್ಕೊಂಡಾರ?”

ಓಣಿ ಒಮ್ಮೆಲೇ ಖಾಲಿಯಾಯಿತು.

“ಲಗ್ನ ಆಗಾಕ ಬಂದೀಯೋ, ಊರು ತೊಳ್ಯಾಕ ಬಂದೀಯೋ?”

“ಮಾವ, ಊರವರು ಕಳಿಸಿದ್ರು…”

“ಯಾವನಿಗೆ ಮಾವ? ಎತ್ತಲೇ ಅದನ್ನ!”

ಮೊರ ಹೊತ್ತು ವಾಪಸ್ ಬಂದರೆ, ತನ್ನೂರಿನ ಮುಳ್ಳು ಇನ್ನೊಂದಾಳು ಎತ್ತರವಾಗಿತ್ತು. “ಅಲ್ಲೇ ನಿಲ್ಲು!” ಕೊಟ್ಟೂರಪ್ಪ ಕೂಗಿದ. “ತಿರುಗಿ ಬಂದ ಅಮ್ಮ ಸುಮ್ನ ಇರ್ತಾಳೇನು?”

“ನಾನು ಎಲ್ಲಿ ಹೋಗ್ಲಿ?”

“ಜೋಡಿ ಅಮ್ಮ ಅದಾಳಲ್ಲ, ಆಕಿನ್ನ ಕೇಳು.”

ಕಾಲುವೆ ನೀರಿಗೆ ವರ್ಷವಿಡೀ ಜಗಳಾಡುವ ಎರಡೂ ಊರುಗಳು, ಇವನು ನಮ್ಮವನಲ್ಲ ಎಂಬ ಒಂದು ಮಾತಿಗೆ ಮಾತ್ರ ಒಪ್ಪಿದವು. ದಂಡೆಯ ಮೇಲಿನ ಪಂಪ್ ಶೆಡ್ಡಿನಲ್ಲಿ ಅವನೂ ಗೊಂಬೆಯೂ ಉಳಿದರು. ಮೊದಲ ದಿನ ಅಮ್ಮನ ತೆಂಗಿನಕಾಯಿ ತಿಂದ. ಆಮೇಲೆ ಯಾರೋ ದೂರದಿಂದ ಬುತ್ತಿ ಎಸೆದು ಓಡುತ್ತಿದ್ದರು. ಆಚೆ ಊರಿನವರೂ ಶುದ್ಧಿಗೆಂದು ಎಲ್ಲರನ್ನೂ ಗುಡಿಗೆ ಸೇರಿಸಿ ತಮಟೆ ಬಡಿಸಿದರು. ಅದು ಅವನಿಗೆ ಶೆಡ್ಡಿಗೇ ಕೇಳಿಸಿತು.

ಆರೋಗ್ಯ ಇಲಾಖೆಯವರು ಬಂದು ಪರೀಕ್ಷೆ ಮಾಡಿದಾಗ ಎರಡೂ ಊರಿನ ಮನೆಮನೆಯಲ್ಲೂ ಪಾಸಿಟಿವ್. ನೆಗೆಟಿವ್ ಬಂದ ಗಂಡಸು ಹೊನ್ನೂರಸ್ವಾಮಿ ಒಬ್ಬನೇ. ಮುಳ್ಳು ಸರಿಯಿತು. ಅರ್ಧ ಸೊರಗಿದ್ದ ಕೊಟ್ಟೂರಪ್ಪ ದೂರದಿಂದಲೇ ಕೈಮುಗಿದ.

“ಅಮ್ಮ ನಿನ್ನೊಬ್ಬನ್ನ ಮುಟ್ಟಿಲ್ಲ. ನೀನು ಆಕಿಯವ. ಇನ್ನ ಮ್ಯಾಲ ಗುಡಿ ಪೂಜಿ ನಿಂದು.”

“ನನ್ನ ಲಗ್ನ, ಗೌಡ್ರ?”

“ಅಮ್ಮಗ ಬಿಟ್ಟವನಿಗೆ ಎಂಥಾ ಲಗ್ನ? ತಪ್ಪಾತು ಅನ್ರಿ, ಪೂಜಾರಪ್ಪ!”

ಆಚೆ ಊರಿನಿಂದ ಅನಿತಾ ಬಂದಳು. ಅವನು ಮಾತಾಡುವ ಮೊದಲೇ ಕಾಲಿಗೆ ಬಿದ್ದು, ಕಣ್ಣಿಗೆ ಕಣ್ಣು ಕೊಡದೆ ಎದ್ದುಹೋದಳು.

ಆ ತಿಂಗಳು ಅವನ ಊರಲ್ಲಿ ಏಳು ಜನ ಹೋದರು, ಮೊದಲು ಪಾರಮ್ಮ. ಆಚೆ ಊರಲ್ಲಿ ಎರ್ರಣ್ಣ ಸೇರಿ ನಾಲ್ಕು. ಜೊತೆಗೆ ಒಂದು ಲಗ್ನವೂ ಹೋಯಿತು.